ಟ್ರೈಕೋಡರ್ಮಾ ಕೊಟ್ಟರೂ ಶುಂಠಿ ಕೊಳೆಯುತ್ತಿದೆ, ಎಲ್ಲಿ ತಪ್ಪಿದೆ?

ಆಲೂರು ಶುಂಠಿ: ಆಲೂರಿನ ಹತ್ತಿರ ಒಂದೂವರೆ ಎಕರೆ ಶುಂಠಿ ಹಾಕಿದ್ದೇನೆ. ನಾಟಿ ಸಮಯದಲ್ಲೇ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಕೊಟ್ಟಿದ್ದೆ. ಆದರೂ ಮಳೆ ಹಿಡಿದ ಮೇಲೆ ತಗ್ಗಿನ ಮಡಿಗಳಲ್ಲಿ ಬುಡ ಕೊಳೆಯುತ್ತಿದೆ. ಅಂಗಡಿಯವರು ಇನ್ನೆರಡು ಕಿಲೋ ಹಾಕಿ ಎನ್ನುತ್ತಾರೆ. ಹಾಕಲೇ?

ಮೂಡಿಗೆರೆ ತೋಟ: ಮೊದಲು ರೋಗ ಯಾವುದೆಂದು ನೋಡಿಕೊಳ್ಳಿ ಸರ್. ಪೈಥಿಯಂ ಎಂಬ, ಮಣ್ಣಿನಲ್ಲಿರುವ ಬೂಷ್ಟಿನಂಥ ಜೀವಿ ತರುವ ಕೊಳೆಯನ್ನು ಟ್ರೈಕೋಡರ್ಮಾ ತಡೆಯಬಲ್ಲದು. ದುಂಡಾಣು ಸೊರಗಿಗೆ ಅದನ್ನೇ ನೆಚ್ಚಿ ಕೂರುವಂತಿಲ್ಲ. ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ತಾಗಿಸಿ ಅಲುಗಾಡದಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ದುಂಡಾಣು. ಅಂದಹಾಗೆ, ತಾಮ್ರದ ಔಷಧಿ ಏನಾದರೂ ಕೊಟ್ಟಿದ್ದಿರಾ?

ಆಲೂರು ಶುಂಠಿ: ನಾಲ್ಕು ಗಿಡ ನೋಡಿದೆ, ಎಳೆ ಇಳಿಯಲಿಲ್ಲ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗುತ್ತಿವೆ. ಮೆಲ್ಲಗೆ ಎಳೆದರೂ ಕಾಂಡ ಬುಡದಲ್ಲಿ ಕಳಚಿ ಕೈಗೆ ಬರುತ್ತದೆ, ಕೆಟ್ಟ ನಾತ ಬೇರೆ. ತಾಮ್ರ ಕೊಟ್ಟಿದ್ದೇನೆ. ಗೊಬ್ಬರ ಹಾಕಿದ ನಾಲ್ಕನೇ ದಿನವೇ ಕಾಪರ್ ಆಕ್ಸಿಕ್ಲೋರೈಡ್ ಹುಯ್ಯಿಸಿದೆ. ಎರಡೂ ರೋಗಕ್ಕೇ ತಾನೇ ಎಂದುಕೊಂಡೆ.

ಮೂಡಿಗೆರೆ ತೋಟ: ಹಾಗಾದರೆ ಇದು ಪೈಥಿಯಂ ಕೊಳೆಯೇ ಇರಬೇಕು. ನೀವು ಎಡವಿದ್ದು ತಾಮ್ರದಲ್ಲೇ. ಹಾಕಿದ ಟ್ರೈಕೋಡರ್ಮಾ ಬೇರೂರುವ ಮೊದಲೇ ತಾಮ್ರ ಅದನ್ನು ಹತ್ತಿಕ್ಕಿರುತ್ತದೆ. ಮೆಣಸಿನ ಬಳ್ಳಿಗೆ ನಾನೂ ಇದೇ ಪೆದ್ದುತನ ಮಾಡಿದ್ದೆ. ಎರಡರ ನಡುವೆ 15 ದಿನವಾದರೂ ಇರಲಿ.

ಕೊಳೆತ ಗಿಡವನ್ನು ಟ್ರೈಕೋಡರ್ಮಾ ಬದುಕಿಸುವುದಿಲ್ಲ. ಅವನ್ನು ಗೆಡ್ಡೆ ಸಮೇತ ಕಿತ್ತು ಹೊಲದಾಚೆ ಸಾಗಿಸಿ. ಆ ಜಾಗಕ್ಕೂ ಸುತ್ತಲಿನ ಗಿಡಗಳ ಬುಡಕ್ಕೂ ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಎಂಬ ಕೊಳೆರೋಗದ ಔಷಧಿ ಮಿಶ್ರಣವನ್ನು ಲೀಟರ್ ನೀರಿಗೆ 1.25 ಗ್ರಾಂನಂತೆ ಕಲಸಿ ಹುಯ್ಯಿರಿ. ತಗ್ಗಿನ ಮಡಿ ಎಂದಿರಲ್ಲ, ಅಲ್ಲಿ ಬಸಿಗಾಲುವೆ ಆಳವಾಗದೆ ಯಾವ ಔಷಧಿಯೂ ನಾಟುವುದಿಲ್ಲ.

ಅಷ್ಟರಲ್ಲಿ ಗೊಬ್ಬರ ಸಿದ್ಧಮಾಡಿಕೊಳ್ಳಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ ಒಂದೆರಡು ಕಿಲೋ. ಹಸಿ ಸೆಗಣಿ ಬೇಡ, ಕಾವಿಗೆ ಸತ್ತುಹೋಗುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ನೆರಳಿನಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಮುಚ್ಚಿ, ನಡುವೆ ಒಮ್ಮೆ ಮಗುಚಿ. 15 ದಿನಕ್ಕೆ ಹಸಿರು ಬೂಷ್ಟು ಹಿಡಿದಿರುತ್ತದೆ. ಅಷ್ಟು ಹೊತ್ತಿಗೆ ಔಷಧಿಯ ಅಂತರವೂ ಮುಗಿಯುತ್ತದೆ. ಆಮೇಲೆ ಮಡಿಗಳಿಗೆ ಹರಡಿ.

ಆಲೂರು ಶುಂಠಿ: ಕಾಲುವೆ ತೆಗೆಯಲು ನಾಳೆಗೇ ಆಳು ಹೇಳಿದ್ದೇನೆ. ಇನ್ನೊಂದು ಸಂಗತಿ ಈಗ ಕಣ್ಣಿಗೆ ಬಿತ್ತು: ಉಳಿದಿದ್ದ ಪೊಟ್ಟಣ ತಿರುಗಿಸಿ ನೋಡಿದರೆ, ಬಳಸುವ ಅವಧಿ ನಾನು ಕೊಳ್ಳುವ ಮೊದಲೇ ಮುಗಿದಿತ್ತು.