ಅಪ್‌ಡೇಟ್: ಪರ್ಸಿನ ದುಡ್ಡು ಕೊನೆಗೂ ಕೀನ್ಯಾ ಮುಟ್ಟಿತು

ಶಿರಸಿಯಿಂದ ನಮಸ್ಕಾರ. ಹಳೆ ಸೀರೆ ತುಂಡುಗಳಿಂದ ಕೌದಿ ಹೊಲಿಗೆಯ ಪರ್ಸು ಮಾಡಿ ಮಾರುತ್ತೇನೆ, ಲಾಭದ ಒಂದು ಪಾಲನ್ನು ಕೀನ್ಯಾದ ಹೆಣ್ಣುಮಕ್ಕಳ ಶಾಲೆಗೆ ಕಳಿಸೋದು ಹೇಗೆ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಮೊನ್ನೆ ಹಣ ಮುಟ್ಟಿತು!

ಕೆಲವರು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಮಾಡಿಸಿ ಅಂದಿದ್ದಿರಿ. ಅದರ ಹಿಂದೆ ಎರಡು ವಾರ ಓಡಾಡಿದೆ. ಅದು ಬೇಕಾಗುವುದು ಹೊರದೇಶದ ದೇಣಿಗೆ ಪಡೆಯುವವರಿಗೆ, ಕಳಿಸುವವರಿಗಲ್ಲ.

ಕೆಲಸಕ್ಕೆ ಬಂದದ್ದು ಕುಮಟಾದ ಅಕ್ಕ ಹೇಳಿದ ದಾರಿ. ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಸೌಲಭ್ಯ ಇರುವುದು ವ್ಯಕ್ತಿಗಳಿಗೆ. ಕಂಪನಿ, ಪಾಲುದಾರಿಕೆ, ಟ್ರಸ್ಟ್‌ಗಳಿಗೆ ಇಲ್ಲ. ನಾನು ವ್ಯಾಪಾರದ ಖಾತೆಯಿಂದ ಕಳಿಸಲು ಹೋಗಿದ್ದೆ, ಅದಕ್ಕೇ ಬ್ಯಾಂಕಿನವರು ಆಗಲ್ಲ ಅಂದಿದ್ದರು. ದುಡ್ಡನ್ನು ನನ್ನ ಉಳಿತಾಯ ಖಾತೆಗೆ ಹಾಕಿಕೊಂಡು, ಪ್ಯಾನ್ ಕೊಟ್ಟು, ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕಿನಲ್ಲಿ ತುಂಬುವ ಎ2 ಫಾರ್ಮ್‌ನಲ್ಲಿ ದೇಣಿಗೆ ಅಂತ ಬರೆದೆ. ಆಯ್ತು, ಅಷ್ಟೇ. ವರ್ಷದ ಮಿತಿ 2,50,000 ಡಾಲರ್, ನಮ್ಮಂಥವರಿಗೆ ಧಾರಾಳ ಸಾಕು.

ಗೊತ್ತಿಲ್ಲದೇ ಇದ್ದ ಸಂಗತಿ ಒಂದಿತ್ತು. ಹೊರದೇಶದ ಸಂಸ್ಥೆಗೆ ನೇರವಾಗಿ ಕೊಟ್ಟ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಪರ್ಸಿನ ಬೆಲೆ ಇಡುವಾಗಲೇ ಇದನ್ನು ಲೆಕ್ಕಕ್ಕೆ ತಗೊಳ್ಳಿ.

ತಿಂಗಳು ತಿಂಗಳು ಕಳಿಸಿ ಅನ್ನೋ ಸಲಹೆ ನನಗೆ ಸರಿಹೋಗಲಿಲ್ಲ. ನಮ್ಮ ಬ್ಯಾಂಕಿನ ಶುಲ್ಕದ ಜೊತೆ ನಡುವಿನ ಬ್ಯಾಂಕೂ ಸ್ವಲ್ಪ ಹಿಡಿದುಕೊಳ್ಳುತ್ತದೆ. ಸಣ್ಣ ಮೊತ್ತವಾದರೆ ಅದರಲ್ಲೇ ಜಾಸ್ತಿ ಹೋಗುತ್ತದೆ ಅಲ್ವಾ? ಇನ್ನು ಆರು ತಿಂಗಳಿಗೊಮ್ಮೆ ಕಳಿಸುತ್ತೇನೆ. ಕುಮಟಾದ ಅಕ್ಕ, ನಿಮಗೊಂದು ಪರ್ಸು ತೆಗೆದಿಟ್ಟಿದ್ದೇನೆ, ನೀಲಿ ಬಣ್ಣದ್ದು.