ಬೀದರ್ ವಿಮಾನ ಬರುತ್ತೆ, ಹೋಗುತ್ತೆ: ತಪ್ಪು ಯಾರದು?

ಬಿದ್ರಿ_ಹೂಜಿ: 2020ರ ಫೆಬ್ರುವರಿಯಲ್ಲಿ ಬೀದರ್–ಬೆಂಗಳೂರು ವಿಮಾನ ಶುರುವಾಯಿತು. ನಡುವೆ ಕಂಪನಿ ಬದಲಾಯಿತು. 2023ರ ಕೊನೆಗೆ ಪೂರ್ತಿ ನಿಂತಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಸಣ್ಣ ಊರಿಗೆ ವಿಮಾನ ಹಾರಿಸಲು ಕೇಂದ್ರದ ಉಡಾನ್ ಯೋಜನೆ ಕೊಡೋ ಸಹಾಯಧನ ಇರೋದೇ ಮೂರು ವರ್ಷ. ಆಮೇಲೆ ಕಂಪನಿಗಳು ಗಂಟುಮೂಟೆ ಕಟ್ಟುತ್ತವೆ. ಸುಮ್ನೆ ನಿಲ್ದಾಣ ಕಟ್ಟಿದರೆ ಸಾಕಾ?

ಟೈಂಟೇಬಲ್_ತಾತ: ಹಳೇ ಕತೆ ಇದು. 1981ರಲ್ಲಿ ಸಣ್ಣ ಊರುಗಳಿಗೆಂದೇ ಸರ್ಕಾರ ವಾಯುದೂತ್ ಶುರು ಮಾಡಿತ್ತು. ನಷ್ಟದಲ್ಲಿ ಮುಳುಗಿ ತೊಂಬತ್ತರ ದಶಕದಲ್ಲಿ ಇಲ್ಲವಾಯಿತು. ದೊಡ್ಡ ಊರಿನ ಸರದಿಯೂ ಮುಗಿಯುತ್ತೆ. 1949ರಲ್ಲಿ ದೆಹಲಿ, ಬಾಂಬೆ, ಕಲ್ಕತ್ತಾ, ಮದ್ರಾಸ್‌ನಿಂದ ರಾತ್ರಿ ಹೊರಟ ವಿಮಾನಗಳು ನಾಗಪುರದಲ್ಲಿ ಕೂಡುತ್ತಿದ್ದವು. ನಡುರಾತ್ರಿ ಅಂಚೆ ಚೀಲ, ಪ್ರಯಾಣಿಕರು ಅದಲುಬದಲು. ಬೆಳಗಾಗುವಷ್ಟರಲ್ಲಿ ವಾಪಸ್. 1973ರಲ್ಲಿ ಅದೂ ನಿಂತಿತು.

ಒಗ್ಗರಣೆ_ಮೈಸೂರು: ನಮ್ಮಲ್ಲೂ ಅಷ್ಟೇ. 2010ರಲ್ಲಿ ವಿಮಾನ ಬಂತು, ಮರುವರ್ಷವೇ ಹೋಯಿತು. ರನ್‌ವೇ 1,740 ಮೀಟರ್, ಎಟಿಆರ್‌ನಂಥ ಸಣ್ಣ ವಿಮಾನ ಬಿಟ್ಟರೆ ದೊಡ್ಡದು ಇಳಿಯಲ್ಲ. ನಾನಂತೂ ರಾತ್ರಿ ಹನ್ನೊಂದಕ್ಕೆ ಫ್ಲೈಬಸ್ ಹತ್ತಿ ದೇವನಹಳ್ಳಿಗೆ ಹೋಗಿಬಿಡುತ್ತೇನೆ. ಮೊಣಕಾಲ ಮೇಲೆ ಬ್ಯಾಗು, ಕಿಟಕಿಗೆ ತಲೆ. ಇಲ್ಲಿಂದ ವಿಮಾನ ಯಾಕೆ ಬೇಕು ಹೇಳಿ?

ಬಿದ್ರಿ_ಹೂಜಿ: ನಿಮಗೆ ದೇವನಹಳ್ಳಿ ಬಸ್ಸಿನ ದೂರ. ನಮಗೆ ಬೆಂಗಳೂರಿಗೆ ರೈಲೆಂದರೆ ಒಂದಿಡೀ ರಾತ್ರಿ.

ಒಗ್ಗರಣೆ_ಮೈಸೂರು: ಹೈದರಾಬಾದ್ ಪಕ್ಕದಲ್ಲೇ ಇದೆ ಅಲ್ವಾ?

ಬಿದ್ರಿ_ಹೂಜಿ: ಅದೇ ನಮ್ಮ ಗ್ರಹಚಾರ! ಹೈದರಾಬಾದ್ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ ಇನ್ನೊಂದು ಬೇಡ ಅನ್ನೋ ಷರತ್ತಿತ್ತು. ವಾಯುಪಡೆಯ ನೆಲೆಯಲ್ಲಿ ಕಟ್ಟಿದ್ದ ನಮ್ಮ ಟರ್ಮಿನಲ್ ಹತ್ತು ವರ್ಷ ಬೀಗ ಹಾಕಿಕೊಂಡು ಕೂತಿತ್ತು. ಜನ ಅಷ್ಟೊತ್ತಿಗೆ ಶಂಷಾಬಾದ್‌ನ ಆ ಹೈದರಾಬಾದ್ ನಿಲ್ದಾಣಕ್ಕೇ ಒಗ್ಗಿಹೋದರು.

ಸಹ್ಯಾದ್ರಿ_ಮಳೆ: ಸಹಾಯಧನದ ಬದಲು ಕಡ್ಡಾಯ ಮಾಡಲಿ. 1994ರಿಂದ ಅಂಥ ನಿಯಮ ಇದೆ. ದೆಹಲಿ–ಮುಂಬೈಯಂಥ ಮಾರ್ಗದಲ್ಲಿ ಹಾರಿಸುವವರು ಈಶಾನ್ಯ, ಕಾಶ್ಮೀರ, ಅಂಡಮಾನ್‌ಗೂ ಒಂದು ಪಾಲು ಹಾರಿಸಲೇಬೇಕು. ಬೀದರ್, ಶಿವಮೊಗ್ಗವನ್ನೂ ಸೇರಿಸಲಿ.

ಟೈಂಟೇಬಲ್_ತಾತ: ಕಡ್ಡಾಯ ಮಾಡಿದರೆ ದೊಡ್ಡ ವಿಮಾನ ಇಳಿಯೋ ಊರಲ್ಲೇ ಲೆಕ್ಕ ತೀರಿಸುತ್ತಾರೆ. ಶಿವಮೊಗ್ಗದ ರನ್‌ವೇ 3,200 ಮೀಟರ್, ಅಲ್ಲಿಗೆ ಬಂದಾರು. ಸಣ್ಣ ಊರುಗಳಿಗೆ ಬರೋದು ಅನುಮಾನ.

ಬಿದ್ರಿ_ಹೂಜಿ: ನನಗೆ ಬೇಕಾದದ್ದು ಹೊತ್ತು. ಬೆಳಿಗ್ಗೆ ಹೋಗಿ ಆಸ್ಪತ್ರೆ ಕೆಲಸ ಮುಗಿಸಿ ಸಂಜೆಗೆ ಮನೆ ಸೇರುವಂತಿರಬೇಕು. ನಡುಮಧ್ಯಾಹ್ನದ ಒಂದೇ ವಿಮಾನ ಆದರೆ ರಾತ್ರಿ ಲಾಡ್ಜಿಗೂ ದುಡ್ಡು ಕೊಡಬೇಕು.

ಒಗ್ಗರಣೆ_ಮೈಸೂರು: ಇದು ಮಾತ್ರ ಒಪ್ಪಿದೆ. ಬಸ್ಸಿನ ವಾದ ವಾಪಸ್ ತಗೊಂಡೆ, ಮೈಸೂರಿಗಷ್ಟೇ ಇಟ್ಟುಕೊಳ್ಳುತ್ತೇನೆ.