ಮನೆ ಬದಲಾಯಿಸಿದ ಮೇಲೆ ಕೌನ್ಸಿಲ್ ಟ್ಯಾಕ್ಸ್ ಎರಡು ಕಡೆ ಕಟ್ಟಬೇಕಾ?

ತುಮಕೂರ್ ತಿಮ್ಮ:
ಇಂಗ್ಲೆಂಡ್‌ನಲ್ಲಿ ರೀಡಿಂಗ್‌ನ ಬಾಡಿಗೆ ಮನೆ ಬಿಟ್ಟು ಮಿಲ್ಟನ್ ಕೀನ್ಸ್‌ಗೆ ಬಂದಿದ್ದೀವಿ. ಹೊಸ ಮನೆ ಅಗ್ರಿಮೆಂಟ್ ಸೆಪ್ಟೆಂಬರ್ 20ಕ್ಕೆ ಶುರು, ಹಳೇದು ಮುಗಿದಿದ್ದು 30ಕ್ಕೆ. ಆ ಹತ್ತು ದಿನಕ್ಕೆ ಎರಡೂ ಕೌನ್ಸಿಲ್‌ನವರು (ನಮ್ಮೂರ ನಗರಸಭೆ ಥರ) ಕೌನ್ಸಿಲ್ ಟ್ಯಾಕ್ಸ್, ಅಂದ್ರೆ ಮನೇಲಿ ವಾಸ ಇರೋರು ಕಟ್ಟೋ ತೆರಿಗೆ, ಕೇಳ್ತಿದ್ದಾರೆ. ಅಲ್ಲಿ ಕಂತು 180 ಪೌಂಡ್ ಇತ್ತು, ಇಲ್ಲಿ 238! ಎರಡೂ ಮನೆ ಒಂದೇ ತೆರಿಗೆ ದರ್ಜೆ, ಬ್ಯಾಂಡ್ ಸಿ. ಊರಲ್ಲಾದ್ರೆ ಮನೆ ಕಂದಾಯ ಓನರ್ ತಲೆನೋವು, ನಾವು ಬಾಡಿಗೆ ಕೊಟ್ಟು ಸುಮ್ಮನಿರ್ತಿದ್ವಿ. ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳಿ.

ಹಾಸನದ ಲೆಕ್ಕಿಗ:
ಹತ್ತು ದಿನ ಎರಡು ಕಡೆ ಕಟ್ಟೋದು ತಪ್ಪಲ್ಲ ಮಾರಾಯ್ರೆ. ಬೀಗದ ಕೈ ಕೊಟ್ಟ ದಿನ ಅಲ್ಲ, ಅಗ್ರಿಮೆಂಟ್ ಮುಗಿಯೋ ದಿನವೇ ಅವರಿಗೆ ಲೆಕ್ಕ. ಸಾಮಾನಿಲ್ಲದ ಖಾಲಿ ಮನೆಗೆ ಕೆಲವು ಕೌನ್ಸಿಲ್ ರಿಯಾಯಿತಿ ಕೊಡುತ್ತವೆ, ಎಷ್ಟೋ ಕಡೆ ಅದನ್ನ ತೆಗೆದುಹಾಕಿದ್ದಾರೆ. ಕೇಳಿ ನೋಡಿ.

238 ನೋಡಿ ಗಾಬರಿ ಬೇಡ. ವರ್ಷದ ತೆರಿಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಆದ್ರೆ ವಸೂಲಿ ಸಾಮಾನ್ಯವಾಗಿ ಜನವರಿಗೇ ಮುಗಿಯುತ್ತೆ, ಹತ್ತೇ ಕಂತು. ವರ್ಷಕ್ಕೆ 1,800 ಅಂತ ಇಟ್ಕೊಳ್ಳಿ. ಸೆಪ್ಟೆಂಬರ್ 20ರಿಂದ ಮಾರ್ಚ್ 31ಕ್ಕೆ 193 ದಿನ, ಸುಮಾರು 952 ಪೌಂಡ್. ಅದನ್ನ ಅಕ್ಟೋಬರ್‌ನಿಂದ ಜನವರಿವರೆಗೆ ನಾಲ್ಕು ಕಂತು ಮಾಡಿದ್ದಾರೆ, ಅಷ್ಟೇ. ಮಾರ್ಚ್‌ವರೆಗೆ ಹಂಚಿಕೊಡಿ ಅಂತ ಕೇಳಬಹುದು.

ಇದರ ಇನ್ನೊಂದು ಮುಖ ರೀಡಿಂಗ್ ಕಡೆ ಇದೆ. ಅಲ್ಲಿ ಆರು ಕಂತು, 1,080 ಕಟ್ಟಿದ್ದೀರಿ. ಇದ್ದ 183 ದಿನಕ್ಕೆ ಆಗೋದು 902. ಉಳಿದ 178 ನಿಮ್ಮದೇ ದುಡ್ಡು! ಕೊನೇ ಬಿಲ್ ಬಂದಮೇಲೆ ವಾಪಸ್ ಕೇಳಿ, ಬ್ಯಾಂಕ್ ವಿವರ ಕೊಡಿ.

ಬ್ಯಾಂಡ್ ಅನ್ನೋದು 1991ರ ಏಪ್ರಿಲ್ 1ರ ಮನೆ ಬೆಲೆ ಮೇಲಿನದು. ಅಕ್ಷರ ಒಂದೇ ಇದ್ರೂ ದರ ಕೌನ್ಸಿಲ್‌ಗೊಂದು.

ಕಾಫಿಪುಡಿ ಅಕ್ಕ:
ಹಳೇ ಕೌನ್ಸಿಲ್‌ಗೆ ಹೊಸ ವಿಳಾಸ ಕೊಟ್ರಾ? ಅಕಸ್ಮಾತ್ ಬಾಕಿ ಇದ್ದು, ಕಾಗದ ಖಾಲಿ ಮನೆಗೆ ಹೋದ್ರೆ ಸಮನ್ಸ್‌ವರೆಗೂ ಹೋಗುತ್ತೆ, ಅದರ ಖರ್ಚೂ ನಿಮ್ಮ ಮೇಲೇ. ಮನೇಲಿ ದೊಡ್ಡವರು ಯಾರ್ಯಾರು?

ತುಮಕೂರ್ ತಿಮ್ಮ:
ವಿಳಾಸ ಕೊಟ್ಟಿದ್ದೀನಿ ಅಕ್ಕ. ನಾನು, ಹೆಂಡತಿ, ಮೂರು ವರ್ಷದ ಮಗಳು. ಹೆಂಡತಿ ಈ ಅಕ್ಟೋಬರ್‌ನಿಂದ ಎಂ.ಎಸ್ಸಿ.ಗೆ ಸೇರಿದ್ದಾಳೆ, ಫುಲ್ ಟೈಮ್.

ಕಾಫಿಪುಡಿ ಅಕ್ಕ:
ಅಯ್ಯೋ, ಇದನ್ನ ಮೊದಲೇ ಹೇಳ್ಬಾರ್ದಾ! ಫುಲ್ ಟೈಮ್ ಓದೋರನ್ನ ಲೆಕ್ಕಕ್ಕೆ ಹಿಡಿಯಲ್ಲ. ಹಾಗಾದ್ರೆ ಮನೇಲಿ ನೀವೊಬ್ರೇ ದೊಡ್ಡವರು, 25% ರಿಯಾಯಿತಿ. ಯೂನಿವರ್ಸಿಟಿಯಿಂದ ಸರ್ಟಿಫಿಕೇಟ್ ತಗೊಂಡು ಈ ವಾರವೇ ಅರ್ಜಿ ಹಾಕಿ.